ವಂತಿಗೆ ಪುಸ್ತಕ

2020ರ ಜುಲೈ ಕೊನೆಯಲ್ಲಿ ಅಪ್ಪ ಊರಿಂದ ಫೋನ್ ಮಾಡಿದಾಗ ಮೊದಲು ಕೇಳಿದ್ದು ಕೊರೋನಾ ವಿಷಯವಲ್ಲ. “ಏನಪ್ಪಾ, ಅಮೆರಿಕದೋರು ನಿಮ್ಮೂರು ಬಿಟ್ಟು ಹೊಂಟ್ರಂತೆ? ಟೀವೀಲಿ ಬಂತು” ಅಂದರು.

ನಿಮ್ಮೂರು ಅಂದರೆ ಜರ್ಮನಿಯ ಕೈಸರ್ಸ್‌ಲೌಟರ್ನ್. ಸಾಫ್ಟ್‌ವೇರ್ ಕೆಲಸಕ್ಕೆಂದು ನಾನು ಅಲ್ಲಿಗೆ ಬಂದು ಆಗ ನಾಲ್ಕು ವರ್ಷ. ಊರಿನ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ರಾಮ್‌ಸ್ಟೈನ್ ವಿಮಾನ ನೆಲೆ, ಅದರ ಹತ್ತಿರ ಲಾಂಡ್‌ಷ್ಟೂಲ್‌ನ ಸೇನಾ ಆಸ್ಪತ್ರೆ. ಸೈನಿಕರು, ಹೆಂಡತಿ ಮಕ್ಕಳು, ಸಿಬ್ಬಂದಿ ಎಲ್ಲ ಸೇರಿ ಐವತ್ತು ಸಾವಿರದಷ್ಟು ಅಮೆರಿಕನ್ನರು ಈ ಸುತ್ತಿನಲ್ಲಿದ್ದಾರೆ. ಅವರ ದೇಶದ ಹೊರಗೆ ಇಷ್ಟು ದೊಡ್ಡ ಅಮೆರಿಕನ್ ಸೇನಾ ವಸತಿ ಇನ್ನೊಂದಿಲ್ಲ. ಊರ ಹೆಸರು ನಾಲಗೆಗೆ ಒಗ್ಗದೆ ಅವರು ‘ಕೆ-ಟೌನ್’ ಅಂತ ಮಾಡಿಕೊಂಡಿದ್ದಾರೆ. ನನ್ನ ಅಪ್ಪನಿಗೂ ಅದೇ ಸಲೀಸು.

ಜರ್ಮನಿಯಿಂದ ಸುಮಾರು 12,000 ಸೈನಿಕರನ್ನು ತೆಗೆಯುತ್ತೇವೆ ಅಂತ ಅಮೆರಿಕ ಆ ವಾರ ಸಾರಿತ್ತು. “ಯಾಕಂತೆ?” ಅಂದರು ಅಪ್ಪ. ಎಲ್ಲರೂ ಸೇರಿ ಕಾವಲು ಕಾಯುವ ನ್ಯಾಟೊ ಒಪ್ಪಂದ ಇದೆ, ಜರ್ಮನಿ ತನ್ನ ಪಾಲಿನ ಖರ್ಚು ಮಾಡುತ್ತಿಲ್ಲ ಅನ್ನೋದು ಟ್ರಂಪ್ ಸಿಟ್ಟು ಅಂದೆ. ಅಪ್ಪ ಆ ಕಡೆ ನಕ್ಕುಬಿಟ್ಟರು. “ಇಷ್ಟೇನಾ! ವಂತಿಗೆ ಜಗಳ ಅನ್ನು.”

ವಂತಿಗೆ ಜಗಳ ನಮ್ಮ ಮನೆಗೆ ಹೊಸದಲ್ಲ. ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ಮಾರಮ್ಮನ ಜಾತ್ರೆಗೂ ಕೆರೆ ಏರಿಯ ರಿಪೇರಿಗೂ ವಂತಿಗೆ ಎತ್ತುತ್ತಿದ್ದವರು ನನ್ನ ತಾತ. ಕೆಂಪು ರಟ್ಟಿನ ಉದ್ದನೆ ಪುಸ್ತಕ, ಎಡಕ್ಕೆ ಮನೆಯ ಯಜಮಾನನ ಹೆಸರು, ಬಲಕ್ಕೆ ರೂಪಾಯಿ. ಒಂದು ವರ್ಷ ಜಾತ್ರೆಯ ಚಪ್ಪರಕ್ಕೆ ಜಾಗ ಬಿಟ್ಟುಕೊಟ್ಟವನ ಹೆಸರಿನ ಮುಂದೆ ತಾತ ಸೊನ್ನೆ ಬರೆದರಂತೆ. ಅವನು ಜಗಲಿಗೆ ಬಂದು, “ಒಂದು ತಿಂಗಳು ಹೊಲ ಪಾಳು ಬಿಟ್ಟೋನು ನಾನು, ಸೊನ್ನೆ ಬರೆದೋನು ನೀನು” ಅಂತ ಕೂಗಾಡಿದ. ಮರುವರ್ಷ ಚಪ್ಪರ ಶಾಲೆ ಅಂಗಳಕ್ಕೆ ಹೋಯಿತು. ಇದನ್ನು ಅಪ್ಪ ಇವತ್ತಿಗೂ ತಾತನ ತಪ್ಪು ಅಂತಲೇ ಹೇಳುತ್ತಾರೆ.

ಆ ಫೋನಿನ ನಂತರ ನನಗೆ ಇದೊಂದು ಹುಚ್ಚು ಹಿಡಿಯಿತು. ಕೊರೋನಾ ಕಾಲ, ಬೇರೆ ಕೆಲಸವೂ ಇರಲಿಲ್ಲ. ನ್ಯಾಟೊದ ವಂತಿಗೆ ಜಗಳ ಯಾವತ್ತು ಶುರುವಾಯಿತು ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕಿದ ಉತ್ತರ: ನ್ಯಾಟೊ ಶುರುವಾಗುವ ಮೊದಲೇ.

1949ರ ಏಪ್ರಿಲ್ 4ರಂದು ಹನ್ನೆರಡು ದೇಶಗಳು ವಾಷಿಂಗ್ಟನ್ನಿನಲ್ಲಿ ಸಹಿ ಹಾಕಿದವು. ಒಬ್ಬರ ಮೇಲೆ ಬಿದ್ದರೆ ಎಲ್ಲರ ಮೇಲೆ ಬಿದ್ದ ಹಾಗೆ ಅನ್ನುವ 5ನೇ ವಿಧಿ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ 3ನೇ ವಿಧಿ ಇದೆ: ಪ್ರತಿಯೊಬ್ಬರೂ ತಮ್ಮ ಮನೆಯ ಬಾಗಿಲನ್ನು ತಾವೂ ಭದ್ರ ಮಾಡಿಕೊಳ್ಳಬೇಕು, ಒಬ್ಬರಿಗೊಬ್ಬರು ನೆರವಾಗಬೇಕು. ಎಷ್ಟು ಅಂತ ಬರೆದಿಲ್ಲ. ಒಪ್ಪಂದ ಅಮೆರಿಕದ ಸೆನೆಟ್ ಒಪ್ಪಿಗೆಗೆ ಬಂದಾಗ ಅಯೋವಾ ರಾಜ್ಯದ ಸೆನೆಟರ್ ಹಿಕನ್‌ಲೂಪರ್ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚಿಸನ್ನರನ್ನು ನೇರವಾಗಿ ಕೇಳಿದರು: ಇದಕ್ಕೆ ಸಹಿ ಹಾಕಿದರೆ ನಮ್ಮ ಹುಡುಗರನ್ನು ದೊಡ್ಡ ಸಂಖ್ಯೆಯಲ್ಲಿ ಯುರೋಪಿಗೆ ಕಳಿಸಿ, ಹೆಚ್ಚು ಕಡಿಮೆ ಕಾಯಂ ಆಗಿ ಅಲ್ಲೇ ಇಡಬೇಕಾಗುತ್ತದೆಯೇ? ಇಲ್ಲ, ಖಂಡಿತವಾಗಿ ಇಲ್ಲ ಅಂದರು ಅಚಿಸನ್. ಅಚ್ಚುಕಟ್ಟಾದ ಮೀಸೆ, ಅಷ್ಟೇ ಅಚ್ಚುಕಟ್ಟಾದ ಮಾತು. ಈ ಮನುಷ್ಯ ಮುಂದೆ ಮತ್ತೆ ಬರುತ್ತಾರೆ, ನೆನಪಿರಲಿ.

ಎರಡು ವರ್ಷ ತುಂಬುವುದರೊಳಗೆ ಆ ‘ಖಂಡಿತ’ ಹಾರಿಹೋಯಿತು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಹತ್ತಿಕೊಂಡಿತು, ಮುಂದಿನ ಸರದಿ ಜರ್ಮನಿಯದ್ದೇ ಅನ್ನುವ ದಿಗಿಲು ಎಲ್ಲೆಡೆ. 1951ರಲ್ಲಿ ಸೆನೆಟ್ಟಿನಲ್ಲಿ ತಿಂಗಳುಗಟ್ಟಲೆ ವಾದ ನಡೆದು ಇನ್ನೂ ನಾಲ್ಕು ಡಿವಿಷನ್ ಕಳಿಸಲು ಒಪ್ಪಿಗೆ ಸಿಕ್ಕಿತು. ನ್ಯಾಟೊದ ಮೊದಲ ಮಹಾದಂಡನಾಯಕ ಐಸೆನ್‌ಹೋವರ್ ಆ ಫೆಬ್ರವರಿಯಲ್ಲಿ ಸ್ನೇಹಿತರೊಬ್ಬರಿಗೆ ಬರೆದ ಕಾಗದದಲ್ಲಿ ಒಂದು ಗಡುವು ಹಾಕಿದ್ದರು: ಹತ್ತು ವರ್ಷದಲ್ಲಿ ನಮ್ಮ ಪಡೆಗಳೆಲ್ಲ ಮನೆಗೆ ಮರಳದಿದ್ದರೆ ಈ ಇಡೀ ಯೋಜನೆ ಸೋತಿತು ಅಂತಲೇ ಲೆಕ್ಕ. ಹತ್ತನೆಯ ವರ್ಷ, 1961ರಲ್ಲಿ, ಬರ್ಲಿನ್ ಗೋಡೆ ಎದ್ದಿತು.

ನನ್ನ ಮಟ್ಟಿಗೆ ಈ ಕಥೆಯ ರಸವತ್ತಾದ ಭಾಗ ಶುರುವಾಗುವುದು ಇಲ್ಲಿಂದ. ಆಗಿನ ಜಗಳದಲ್ಲಿ ಶೇಕಡಾವಾರು ಲೆಕ್ಕ ಇರಲಿಲ್ಲ, ಜಿಡಿಪಿ ಮಾತು ಇರಲಿಲ್ಲ. ಇದ್ದದ್ದು ಚಿನ್ನ.

ಅಮೆರಿಕನ್ ಸೈನಿಕನಿಗೆ ಸಂಬಳ ಡಾಲರಿನಲ್ಲಿ. ಅವನು ಬಿಯರ್ ಕುಡಿಯುವುದು, ಮನೆ ಬಾಡಿಗೆ ಕಟ್ಟುವುದು, ಹಳೆಯ ಫೋಕ್ಸ್‌ವ್ಯಾಗನ್ ಕೊಳ್ಳುವುದು ಮಾರ್ಕಿನಲ್ಲಿ. ಒಂದು ಡಾಲರಿಗೆ ನಾಲ್ಕು ಮಾರ್ಕ್. ಹೀಗೆ ಚಿಲ್ಲರೆ ಚಿಲ್ಲರೆಯಾಗಿ ಬದಲಾದ ಡಾಲರುಗಳೆಲ್ಲ ಕೊನೆಗೆ ಜರ್ಮನಿಯ ಕೇಂದ್ರ ಬ್ಯಾಂಕಿನಲ್ಲಿ ರಾಶಿ ಬೀಳುತ್ತಿದ್ದವು. ಬೇಕೆಂದಾಗ ಆ ರಾಶಿಯನ್ನು ಔನ್ಸಿಗೆ 35 ಡಾಲರಿನಂತೆ ಅಮೆರಿಕದ ಚಿನ್ನಕ್ಕೆ ಬದಲಾಯಿಸಿಕೊಳ್ಳುವ ಹಕ್ಕು ಆ ಬ್ಯಾಂಕಿಗಿತ್ತು. ಅಂದರೆ ಜರ್ಮನಿಯನ್ನು ಕಾಯಲು ಹೋದ ಒಬ್ಬೊಬ್ಬ ಸೈನಿಕನೂ ತನ್ನ ದೇಶದ ತಿಜೋರಿಗೆ ಸಣ್ಣದೊಂದು ತೂತು ಕೊರೆಯುತ್ತಿದ್ದ. 1961ರಲ್ಲಿ ಜರ್ಮನಿಯ ರಕ್ಷಣಾ ಮಂತ್ರಿ ಫ್ರಾಂಜ್ ಯೋಸೆಫ್ ಷ್ಟ್ರೌಸ್ ಮತ್ತು ಅಮೆರಿಕದ ಉಪ ರಕ್ಷಣಾ ಕಾರ್ಯದರ್ಶಿ ರಾಸ್‌ವೆಲ್ ಗಿಲ್‌ಪ್ಯಾಟ್ರಿಕ್ ಕೂತು ಇದಕ್ಕೊಂದು ಉಪಾಯ ಮಾಡಿದರು: ಸೈನಿಕರಿಂದ ಹೊರಗೆ ಹೋದಷ್ಟು ಡಾಲರನ್ನು ಜರ್ಮನಿ ಅಮೆರಿಕದ ಶಸ್ತ್ರಾಸ್ತ್ರ ಕೊಂಡು ಸರಿದೂಗಿಸಬೇಕು. ‘ಆಫ್‌ಸೆಟ್’ ಅಂತ ಅದರ ಹೆಸರು.

ಮೊದಮೊದಲು ಯಾರಿಗೂ ಕಷ್ಟವಾಗಲಿಲ್ಲ. ಜರ್ಮನ್ ಸೈನ್ಯ ಮತ್ತೆ ಹುಟ್ಟಿ ಐದಾರು ವರ್ಷವಷ್ಟೇ ಆಗಿತ್ತು, ಕೊಳ್ಳಬೇಕಾದದ್ದು ಬೇಕಾದಷ್ಟಿತ್ತು. 1966ರ ಹೊತ್ತಿಗೆ ಉಗ್ರಾಣ ತುಂಬಿತ್ತು, ಬೊಕ್ಕಸ ಬರಿದಾಗುತ್ತಿತ್ತು. 1967ರ ಜೂನ್ ಒಳಗೆ, ಎರಡು ವರ್ಷದ ಲೆಕ್ಕದಲ್ಲಿ, 135 ಕೋಟಿ ಡಾಲರಿನ ಖರೀದಿ ಮುಗಿಸುವುದಾಗಿ ಕೊಟ್ಟ ಮಾತು ಮಾತ್ರ ಹಾಗೇ ಉಳಿದಿತ್ತು.

ಚಾನ್ಸೆಲರ್ ಲುಡ್‌ವಿಗ್ ಎರ್ಹಾರ್ಡ್. ಬಾಯಲ್ಲಿ ಸದಾ ಚುಟ್ಟ, ದುಂಡನೆ ಮುಖ, ಯುದ್ಧಾನಂತರದ ಜರ್ಮನಿಯ ಆರ್ಥಿಕ ಪವಾಡಕ್ಕೆ ಅಪ್ಪ ಅನ್ನಿಸಿಕೊಂಡವರು. ಲಿಂಡನ್ ಜಾನ್ಸನ್ ಅಧ್ಯಕ್ಷರಾದ ಒಂದೇ ತಿಂಗಳಿಗೆ, 1963ರ ಡಿಸೆಂಬರಿನಲ್ಲಿ, ಟೆಕ್ಸಸ್‌ನ ತಮ್ಮ ರ‍್ಯಾಂಚಿಗೆ ಇವರನ್ನು ಕರೆಸಿಕೊಂಡು ಬಾರ್ಬೆಕ್ಯೂ ಊಟ ಹಾಕಿಸಿ, ಟೆಕ್ಸಸ್ ಟೋಪಿ ತೊಡಿಸಿದ್ದರು. ಆ ಸಲಿಗೆಯ ಮೇಲೆ ಭಾರ ಹಾಕಿ 1966ರ ಸೆಪ್ಟೆಂಬರ್ ಕೊನೆಯಲ್ಲಿ ಎರ್ಹಾರ್ಡ್ ವಾಷಿಂಗ್ಟನ್ನಿಗೆ ಹೋದರು. ಕೇಳಿಕೊಂಡದ್ದು ಸ್ವಲ್ಪ ಕಾಲಾವಕಾಶ, ಸ್ವಲ್ಪ ರಿಯಾಯಿತಿ. ಜಾನ್ಸನ್ನರಿಗೆ ವಿಯೆಟ್ನಾಂ ಖರ್ಚು ಕುತ್ತಿಗೆಗೆ ಬಂದಿತ್ತು. ಸಾಲದ್ದಕ್ಕೆ ಆಗಸ್ಟ್ ಕೊನೆಯಲ್ಲಿ ಅವರದೇ ಪಕ್ಷದ ನಾಯಕ ಮೈಕ್ ಮ್ಯಾನ್ಸ್‌ಫೀಲ್ಡ್, ಯುರೋಪಿನ ಪಡೆಗಳನ್ನು ಗಣನೀಯವಾಗಿ ತಗ್ಗಿಸಬೇಕೆಂದು ಸೆನೆಟ್ಟಿನಲ್ಲಿ ಗೊತ್ತುವಳಿ ತಂದಿದ್ದರು. ಕೊಟ್ಟ ಮಾತು ಕೊಟ್ಟದ್ದೇ, ಪೂರ್ತಿ ಕಟ್ಟಿ ಅಂದರು ಜಾನ್ಸನ್. ಆಮೇಲೆ ಅತಿಥಿಯನ್ನು ವಿಮಾನದಲ್ಲಿ ಕೂರಿಸಿಕೊಂಡು ಕೇಪ್ ಕೆನಡಿಗೆ ಕರೆದೊಯ್ದು ರಾಕೆಟ್ ಕೇಂದ್ರ ತೋರಿಸಿದರು. ಸಾಲ ಕೇಳಲು ಹೋದವನಿಗೆ ಸಾಹುಕಾರ ತನ್ನ ಹೊಸ ಮನೆ ಸುತ್ತಿಸಿ ತೋರಿಸಿದಂತೆ.

ಎರ್ಹಾರ್ಡ್ ಬರಿಗೈಲಿ ಮರಳಿದರು. ಬಜೆಟ್ಟಿನ ಕೊರತೆ ತುಂಬಲು ತೆರಿಗೆ ಏರಿಸಬೇಕೇ ಬೇಡವೇ ಅನ್ನುವ ಜಗಳದಲ್ಲಿ ಅಕ್ಟೋಬರ್ 27ರಂದು ಮಿತ್ರಪಕ್ಷದ ಮಂತ್ರಿಗಳು ರಾಜೀನಾಮೆ ಬಿಸಾಕಿದರು. ಡಿಸೆಂಬರ್ 1ರಂದು ಕೀಸಿಂಗರ್ ಚಾನ್ಸೆಲರ್ ಆದರು. ಎರ್ಹಾರ್ಡ್ ಬಿದ್ದದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಪಕ್ಷದೊಳಗೇ ಅವರಿಗೆ ಗುಂಡಿ ತೋಡುವವರಿದ್ದರು. ಆದರೂ ಕಾವಲುಗಾರನ ಬಿಲ್ಲು ಕಟ್ಟಲಾಗದೆ ಮನೆಯ ಯಜಮಾನನೇ ಕುರ್ಚಿ ಕಳೆದುಕೊಂಡ ಪ್ರಸಂಗ ಇದೊಂದೇ ಇರಬೇಕು.

ಆಮೇಲೆ ಅಮೆರಿಕ, ಬ್ರಿಟನ್, ಜರ್ಮನಿ ಮೂವರೂ ತಿಂಗಳುಗಟ್ಟಲೆ ಕೂತು ಮಾತಾಡಿದರು. ರೈನ್ ತೀರದ ತನ್ನ ಸೈನ್ಯವನ್ನು ಸಾಕಲಾರದೆ ಬ್ರಿಟನ್ನೂ ಏದುಸಿರು ಬಿಡುತ್ತಿತ್ತು. 1967ರ ವಸಂತದಲ್ಲಿ ಎರಡು ತೀರ್ಮಾನ ಹೊರಬಿದ್ದವು. ಒಂದು, ಜರ್ಮನ್ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಕಾರ್ಲ್ ಬ್ಲೆಸಿಂಗ್ ಬರೆದ ಪತ್ರ: ನಮ್ಮಲ್ಲಿರುವ ಡಾಲರಿಗೆ ಚಿನ್ನ ಕೇಳುವುದಿಲ್ಲ. ಅಂದರೆ ಇನ್ನು ಮುಂದೆ ಶಸ್ತ್ರ ಕೊಳ್ಳದಿದ್ದರೂ, ಸುಮ್ಮನೆ ಕೂತಿರುವುದೇ ಒಂದು ವಂತಿಗೆ! ಇನ್ನೊಂದು, 35,000 ಅಮೆರಿಕನ್ ಸೈನಿಕರು ಮನೆಗೆ ಹೋಗುತ್ತಾರೆ, ಅವರ ಭಾರಿ ಸಲಕರಣೆ ಮಾತ್ರ ಜರ್ಮನಿಯಲ್ಲೇ ಇರುತ್ತದೆ, ಆಗಾಗ ಹಾರಿ ಬಂದು ಅವನ್ನು ಹತ್ತಿ ಕವಾಯತು ಮಾಡಿ ಹೋಗುತ್ತಾರೆ. 1969ರ ಜನವರಿಯಲ್ಲಿ ಇಂಥ ಮೊದಲ ಕವಾಯತು ನಡೆಯಿತು. ‘ರಿಫೋರ್ಜರ್’ ಅಂತ ಹೆಸರಿಟ್ಟರು. ಶೀತಲ ಸಮರ ಮುಗಿಯುವವರೆಗೂ ಅದು ಹೆಚ್ಚುಕಡಿಮೆ ವರ್ಷಂಪ್ರತಿ ನಡೆಯುವ ಜಾತ್ರೆಯಾಯಿತು.

ಈ ಜಾತ್ರೆ ಹೊಲಗಳ ಮೇಲೂ ಹಾದುಹೋಗುತ್ತಿತ್ತು ಅಂತ ನನಗೆ ಗೊತ್ತಾದದ್ದು ನಮ್ಮ ಬಾಡಿಗೆ ಮನೆಯ ಯಜಮಾನಿಯಿಂದ. ಎಪ್ಪತ್ತು ದಾಟಿದವರು, ಮದುವೆಯಾಗಿ ಈ ಊರಿಗೆ ಬಂದವರು, ತವರು ಹೆಸ್ಸೆನ್ ರಾಜ್ಯದ ಫುಲ್ಡಾ ಕಡೆಯ ಒಂದು ಹಳ್ಳಿ. ಸೋವಿಯತ್ ಟ್ಯಾಂಕುಗಳು ನುಗ್ಗಿದರೆ ಇದೇ ದಾರಿಯಲ್ಲಿ ನುಗ್ಗುತ್ತವೆ ಅಂತ ನ್ಯಾಟೊ ಕಣ್ಣಿಟ್ಟಿದ್ದ ಜಾಗ. ಒಂದು ಸಂಜೆ ಮೆಟ್ಟಿಲ ಮೇಲೆ ಎರಡು ಮೀಟರ್ ದೂರದಲ್ಲಿ ಕೂತು ನನ್ನ ಹೊಸ ಹುಚ್ಚಿನ ಬಗ್ಗೆ ಹೇಳಿದೆ. ಅವರು ಒಳಗೆ ಹೋಗಿ ಹಳೆಯ ಬಿಸ್ಕತ್ತಿನ ಡಬ್ಬ ತಂದರು. ಅದರೊಳಗಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದರು, ಮಡಿಕೆ ಗೆರೆ ಹಿಡಿದು ಹರಿಯುವುದಕ್ಕೆ ಬಂದಿತ್ತು.

ಎಪ್ಪತ್ತರ ದಶಕದ ಕೊನೆಯ ಒಂದು ಶರತ್ಕಾಲ. ಯಾವುದೋ ಮಿತ್ರದೇಶದ ಟ್ಯಾಂಕೊಂದು ದಾರಿ ತಪ್ಪಿ ಇವರ ತಂದೆಯ ಹೊಲಕ್ಕೆ ಇಳಿದಿತ್ತು. ಯಾವ ದೇಶ ಅನ್ನುವುದು ಬೇಡ, ಹುಡುಗನಿಗೆ ಇಪ್ಪತ್ತೂ ತುಂಬಿರಲಿಲ್ಲವಂತೆ, ಕೆಳಗಿಳಿದು ಬಂದು ಕ್ಷಮೆ ಕೇಳಿದನಂತೆ. ದನಕ್ಕೆ ಹಾಕುವ ಬೀಟ್‌ ಗೆಡ್ಡೆ ಬೆಳೆದಿದ್ದ ಹೊಲ. ಮಳೆ ಬಿದ್ದು ಮೆತ್ತಗಾದ ಮಣ್ಣಿನಲ್ಲಿ ಚೈನು ಮೊಣಕಾಲುದ್ದ ಇಳಿದು, ತಿರುಗಿಸಿಕೊಂಡು ಹೋದಲ್ಲೆಲ್ಲ ಗೆಡ್ಡೆ ಅರೆದ ಹಾಗಾಗಿತ್ತು. “ಮೂರು ವರ್ಷ ಅಲ್ಲಿ ನೀರು ನಿಲ್ಲುತ್ತಿತ್ತು” ಅಂದರು ಅವರು, ನೀರಿನ ಅಗಲವನ್ನು ಎರಡೂ ಕೈಯಲ್ಲಿ ತೋರಿಸುತ್ತಾ.

ಪರಿಹಾರ ಬಂತು, ಸರಿಯಾಗಿಯೇ ಬಂತು. ಹಾಳೆಯ ತಲೆಬರಹ ಓದಿ ನನಗೆ ಒಂದು ಕ್ಷಣ ನಂಬಲಾಗಲಿಲ್ಲ: ‘ಆಮ್ಟ್ ಫ್ಯೂರ್ ಫೆರ್‌ಟೈಡಿಗುಂಗ್ಸ್‌ಲಾಸ್ಟನ್’. ಅಕ್ಷರಶಃ, ರಕ್ಷಣಾ ಹೊರೆಗಳ ಕಚೇರಿ. ಪ್ರೆಸಿಡೆಂಟರು, ಸೆನೆಟರುಗಳು ಭಾಷಣದಲ್ಲಿ ಹೊರೆ ಹೊರೆ ಅನ್ನುತ್ತಿದ್ದ ಕಾಲದಲ್ಲಿ ಜರ್ಮನರು ಅದಕ್ಕೊಂದು ಆಫೀಸು ತೆರೆದು, ಗುಮಾಸ್ತರನ್ನು ಕೂರಿಸಿ, ಬೀಟ್‌ ಗೆಡ್ಡೆಯ ಸಾಲು ಎಣಿಸುತ್ತಿದ್ದರು. ಮಿತ್ರಪಡೆಗಳ ಸ್ಥಾನಮಾನದ ಬಗ್ಗೆ 1951ರಲ್ಲಿ ಲಂಡನ್ನಿನಲ್ಲಿ ಸಹಿಯಾದ ಒಪ್ಪಂದದ 8ನೇ ವಿಧಿ ಪ್ರಕಾರ ಇಂಥ ಹಾನಿಗೆ ಪಾಲು ಹೀಗೆ: ಪಡೆ ಕಳಿಸಿದ ದೇಶ 75 ಪಾಲು, ಜಾಗ ಕೊಟ್ಟ ದೇಶ 25 ಪಾಲು. ನನಗೆ ಗೊತ್ತಿರುವ ಮಟ್ಟಿಗೆ ನ್ಯಾಟೊದಲ್ಲಿ ಹೊರೆ ಹಂಚಿಕೆಯನ್ನು ಇಷ್ಟು ಖಚಿತವಾಗಿ ಬರೆದಿಟ್ಟ ಜಾಗ ಅಪರೂಪ. ಅದು ತುಳಿದ ಹೊಲಕ್ಕೆ.

“ಇಪ್ಪತ್ತೈದು ಪಾಲು ನಮ್ಮದೇ ತೆರಿಗೆಯಿಂದ ಬಂದದ್ದು ಅಂತ ಅಪ್ಪನಿಗೆ ಗೊತ್ತಿರಲಿಲ್ಲ” ಅಂದರು ಯಜಮಾನಿ. “ಗೊತ್ತಾಗಿದ್ದರೆ ಕಾಗದ ವಾಪಸು ಕಳಿಸುತ್ತಿದ್ದರು.”

ಚಪ್ಪರಕ್ಕೆ ಜಾಗ ಕೊಟ್ಟು ಸೊನ್ನೆ ಬರೆಸಿಕೊಂಡ ನಮ್ಮೂರಿನವನು ನೆನಪಾದ. ಜರ್ಮನಿಯ ವಾದವೂ ಮೊದಲಿಂದ ಇದೇ. ನೆಲ ನಮ್ಮದು, ಮೇಲೆ ಹಾರುವ ವಿಮಾನದ ಸದ್ದು ನಮಗೆ, ಯುದ್ಧವಾದರೆ ಮೊದಲು ಸುಡುವುದು ನಮ್ಮ ಊರು, ಇದನ್ನೆಲ್ಲ ಯಾವ ಕಲಮಿನಲ್ಲಿ ಬರೆಯುತ್ತೀರಿ? ಅಮೆರಿಕದ ಪುಸ್ತಕದಲ್ಲಿ ಅದಕ್ಕೆ ಕಲಮೇ ಇರಲಿಲ್ಲ. 1971ರ ಕೊನೆಯಲ್ಲಿ ಆದ ಒಪ್ಪಂದದಲ್ಲಿ ಮೊದಲ ಬಾರಿಗೆ, ಅಮೆರಿಕನ್ ಬ್ಯಾರಕ್ಕುಗಳ ದುರಸ್ತಿಗೆ ಜರ್ಮನಿ 60 ಕೋಟಿ ಮಾರ್ಕ್ ಕೊಟ್ಟಿತು. ಎಷ್ಟೋ ಕಟ್ಟಡಗಳು ಹಿಟ್ಲರನ ಕಾಲದ ಸೇನಾ ವಸತಿಗಳು. ಚಿನ್ನ, ಶಸ್ತ್ರ ಎಲ್ಲ ದಾಟಿ ವಂತಿಗೆ ಕೊನೆಗೆ ನಲ್ಲಿ ಪೈಪಿಗೆ ಬಂದು ನಿಂತಿತು. ಜಗಳ ಯಾವ ಕಾಲಕ್ಕೂ ಮೊತ್ತದ್ದಲ್ಲ, ಪುಸ್ತಕದಲ್ಲಿ ಯಾವುದನ್ನು ಬರೆಯಬೇಕು ಅನ್ನುವುದರದ್ದು. ಅಪ್ಪ ಫೋನಿನಲ್ಲಿ ನಕ್ಕದ್ದರಲ್ಲೇ ಇದು ಇತ್ತು, ನನಗೆ ಹೊಳೆಯಲು ತಿಂಗಳು ಬೇಕಾಯಿತು.

ಎರ್ಹಾರ್ಡ್ ಬಿದ್ದ ಆ 1966ರಲ್ಲೇ ಮ್ಯಾನ್ಸರ್ ಓಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಮಿತ್ರಕೂಟಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಗಣಿತ ತೆಗೆದರೆ ಅದು ನಮ್ಮ ಕೆರೆ ಏರಿಯ ಕಥೆ. ಏರಿ ಒಡೆದರೆ ನೂರೆಕರೆ ಗದ್ದೆಯವನಿಗೆ ನಿದ್ದೆ ಬರುವುದಿಲ್ಲ, ಯಾರು ಬಂದರೂ ಬಿಟ್ಟರೂ ಅವನು ಕಟ್ಟಿಸಿಯೇ ಕಟ್ಟಿಸುತ್ತಾನೆ. ಅದು ಗೊತ್ತಿರುವ ಅರ್ಧ ಎಕರೆಯವನು ಗುದ್ದಲಿ ಹುಡುಕುತ್ತಾ ನಿಧಾನ ಮಾಡುತ್ತಾನೆ. ಇದರಲ್ಲಿ ಸೋಮಾರಿತನವೂ ಇಲ್ಲ, ದ್ರೋಹವೂ ಇಲ್ಲ, ಲೆಕ್ಕ ಇದೆ ಅಷ್ಟೇ. ಒಪ್ಪುವಂಥದ್ದೇ. ಆದರೆ ಏರಿ ಯಾರ ಹೊಲದ ಮಣ್ಣಿನಿಂದ ಎದ್ದಿತು ಅನ್ನುವುದು ಆ ಸಮೀಕರಣದಲ್ಲಿಯೂ ಇಲ್ಲ.

ಮ್ಯಾನ್ಸ್‌ಫೀಲ್ಡ್ ಬಿಡಲಿಲ್ಲ. 1971ರ ಮೇ ತಿಂಗಳಲ್ಲಿ, ಡಾಲರಿನ ಬಿಕ್ಕಟ್ಟು ಜೋರಾಗಿದ್ದಾಗ, ಯುರೋಪಿನಲ್ಲಿದ್ದ ಸುಮಾರು ಮೂರು ಲಕ್ಷ ಸೈನಿಕರನ್ನು ಅರ್ಧಕ್ಕೆ ಇಳಿಸುವ ತಿದ್ದುಪಡಿ ಮಂಡಿಸಿದರು. ವಿಯೆಟ್ನಾಮಿನಿಂದ ರೋಸಿಹೋಗಿದ್ದ ಸೆನೆಟ್ ಅದನ್ನು ಒಪ್ಪಿಬಿಡುತ್ತದೆ ಅನ್ನುವ ಭಯ ಅಧ್ಯಕ್ಷ ನಿಕ್ಸನ್ನರಿಗೆ ಹತ್ತಿತು. ಹಳೆಯ ಮುತ್ಸದ್ದಿಗಳನ್ನೆಲ್ಲ ಶ್ವೇತಭವನಕ್ಕೆ ಕರೆಸಿದರು. ಅವರ ಮುಂದಾಳು ಯಾರು? ಅದೇ ಡೀನ್ ಅಚಿಸನ್. ಕಾಯಂ ಆಗಿ ಇಡಬೇಕೇ ಅಂದಾಗ ಖಂಡಿತ ಇಲ್ಲ ಅಂದಿದ್ದವರು, ಇಪ್ಪತ್ತೆರಡು ವರ್ಷದ ನಂತರ, ಒಬ್ಬ ಸೈನಿಕನೂ ಅಲ್ಲಿಂದ ಕದಲಬಾರದು ಅಂತ ಹೋರಾಡಲು ಬಂದಿದ್ದರು. ಸಭೆ ಯಾಕಿಷ್ಟು ಹೊತ್ತು ಆಯಿತು ಅಂತ ಪತ್ರಕರ್ತರು ಕೇಳಿದಾಗ, ನಾವೆಲ್ಲ ಮುದುಕರು, ನಾವೆಲ್ಲ ವಾಗ್ಮಿಗಳು ಅಂದರಂತೆ. ಅದೇ ವಾರ ತಿಬ್ಲಿಸಿಯಲ್ಲಿ ಭಾಷಣ ಮಾಡಿದ ಸೋವಿಯತ್ ನಾಯಕ ಬ್ರೆಜ್ನೆವ್, ಎರಡೂ ಕಡೆ ಪಡೆ ಇಳಿಸುವ ಬಗ್ಗೆ ಮಾತಾಡೋಣ ಬನ್ನಿ ಅಂದುಬಿಟ್ಟರು. ಮಾತುಕತೆಯಲ್ಲಿ ಬೆಲೆ ಬರುವ ವಸ್ತುವನ್ನು ಪುಕ್ಕಟೆ ಯಾಕೆ ಕೊಡಬೇಕು ಅನ್ನುವ ವಾದಕ್ಕೆ ಇದರಿಂದ ಆನೆಬಲ ಬಂತು. ಮೇ 19ರಂದು ಮತ ಹಾಕಿದಾಗ ಪರ 36, ವಿರೋಧ 61. ಅಚಿಸನ್ ಅದೇ ಅಕ್ಟೋಬರಿನಲ್ಲಿ ತೀರಿಕೊಂಡರು. ಆಫ್‌ಸೆಟ್ ಪದ್ಧತಿಗೆ 1976ರ ಜುಲೈನಲ್ಲಿ ಅಧ್ಯಕ್ಷ ಫೋರ್ಡ್ ಮತ್ತು ಚಾನ್ಸೆಲರ್ ಹೆಲ್ಮುಟ್ ಷ್ಮಿಟ್ ಮಂಗಳ ಹಾಡಿದರು.

ಮುಂದಿನದು ಬಹಳ ಜನಕ್ಕೆ ಗೊತ್ತಿರುವ ಕಥೆ. ವರ್ಷಕ್ಕೆ ಶೇ 3ರಷ್ಟು ಖರ್ಚು ಏರಿಸುತ್ತೇವೆ ಅಂತ 1970ರ ದಶಕದ ಕೊನೆಯಲ್ಲಿ ಒಂದು ಮಾತು, ಜಿಡಿಪಿಯ ಶೇ 2ರಷ್ಟು ಅಂತ 2006ರಲ್ಲಿ ಒಂದು ಮಾತು, 2014ರಲ್ಲಿ ವೇಲ್ಸ್‌ನಲ್ಲಿ ಅದನ್ನೇ ಹತ್ತು ವರ್ಷದ ಗಡುವಿನೊಂದಿಗೆ ಮತ್ತೊಮ್ಮೆ. ಆ ವರ್ಷ 28 ದೇಶಗಳಲ್ಲಿ ಶೇ 2 ಮುಟ್ಟಿದ್ದವು ಮೂರೇ: ಅಮೆರಿಕ, ಬ್ರಿಟನ್, ಗ್ರೀಸ್. ಗ್ರೀಸ್‌ನದ್ದು ನಗು ಬರಿಸುವ ವಿಷಯ. ಅದು ಅಷ್ಟು ಖರ್ಚು ಮಾಡುತ್ತಿದ್ದದ್ದು ಬಹುಪಾಲು ಟರ್ಕಿಯ ಭಯಕ್ಕೆ. ಟರ್ಕಿಯೂ ನ್ಯಾಟೊ ಸದಸ್ಯ! ನಿವೃತ್ತ ಸೈನಿಕರ ಪಿಂಚಣಿಯೂ ಆ ಶೇ 2ರೊಳಗೆ ಸೇರುತ್ತದೆ. ಇನ್ನೊಂದು ಕಡೆ ಡೆನ್ಮಾರ್ಕ್ ನೋಡಿ. ಆಗಿನ ಅದರ ಖರ್ಚು ಶೇ 2ರ ಹತ್ತಿರಕ್ಕೂ ಬಂದಿರಲಿಲ್ಲ, ಪಟ್ಟಿಯಲ್ಲಿ ಸೋಮಾರಿಗಳ ಸಾಲಿಗೆ ಬೀಳುತ್ತಿತ್ತು. 5ನೇ ವಿಧಿ ಇದುವರೆಗೆ ಜಾರಿಯಾದದ್ದು ಒಂದೇ ಸಲ, 2001ರ ಸೆಪ್ಟೆಂಬರ್ 12ರಂದು, ಅಮೆರಿಕದ ಸಲುವಾಗಿ. ಆಮೇಲಿನ ಅಫ್ಘಾನಿಸ್ತಾನದಲ್ಲಿ ಅರವತ್ತು ಲಕ್ಷ ಜನವೂ ಇಲ್ಲದಿದ್ದ ಡೆನ್ಮಾರ್ಕಿನ 43 ಸೈನಿಕರು ಸತ್ತರು. ಆ ವರ್ಷಗಳಲ್ಲಿ ಗಾಯಾಳುಗಳನ್ನು ಹೊತ್ತ ವಿಮಾನಗಳು ರಾಮ್‌ಸ್ಟೈನಿನಲ್ಲೇ ಇಳಿಯುತ್ತಿದ್ದವು, ಅಲ್ಲಿಂದ ಲಾಂಡ್‌ಷ್ಟೂಲ್ ಆಸ್ಪತ್ರೆಗೆ. ರಾತ್ರಿ ಹೊತ್ತು ಇಳಿಯುವ ಸದ್ದಿನಿಂದಲೇ ಗೊತ್ತಾಗುತ್ತಿತ್ತು ಅನ್ನುತ್ತಾರೆ ಯಜಮಾನಿ.

2020ರ ಆ 12,000 ಮಂದಿ ಹೋಗಲಿಲ್ಲ. ಬೈಡನ್ ಬಂದು ಆದೇಶ ತಡೆಹಿಡಿದರು. ಅಪ್ಪ, “ಹೇಳ್ಲಿಲ್ವಾ, ಜಾತ್ರೆ ಬಿಟ್ಟು ಯಾರೂ ಹೋಗಲ್ಲ” ಅಂದರು. 2022ರಲ್ಲಿ ರಷ್ಯಾ ಉಕ್ರೇನಿನೊಳಕ್ಕೆ ನುಗ್ಗಿದ ಮೇಲೆ ಯುರೋಪಿನವರು ತಾವಾಗಿಯೇ ಗಂಟು ಬಿಚ್ಚತೊಡಗಿದರು. 2024ರಲ್ಲಿ 32 ದೇಶಗಳ ಪೈಕಿ 23 ಶೇ 2 ಮುಟ್ಟುತ್ತವೆ ಅಂತ ನ್ಯಾಟೊ ಲೆಕ್ಕ ಹಾಕಿತು. 2025ರ ಜೂನ್‌ನಲ್ಲಿ ಹೇಗ್ ನಗರದಲ್ಲಿ ಗುರಿಯನ್ನು ಶೇ 5ಕ್ಕೆ ಏರಿಸಿದರು, 2035ರ ಒಳಗೆ. ಅದರಲ್ಲಿ ಶೇ 3.5 ನೇರ ಸೈನ್ಯಕ್ಕೆ, ಉಳಿದ ಶೇ 1.5 ರಸ್ತೆ, ಸೇತುವೆ, ಬಂದರು, ಕಂಪ್ಯೂಟರ್ ಜಾಲಗಳ ಭದ್ರತೆ ಇಂಥವಕ್ಕೆ. ಎಪ್ಪತ್ತಾರು ವರ್ಷದ ನಂತರ ಪುಸ್ತಕದಲ್ಲಿ ಹೊಸ ಕಲಮು.

ಅದೇ ವರ್ಷದ ಆಗಸ್ಟಿನಲ್ಲಿ ಯಜಮಾನಿಯ ತವರಿಗೆ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಹೊಲ ಈಗ ಅವರ ತಮ್ಮನ ಮಗನದು, ಮುಸುಕಿನ ಜೋಳ ಎದೆ ಮಟ್ಟ ನಿಂತಿತ್ತು. ಊರಿಗೆ ಹೋಗುವ ಮುನ್ನ ಸಣ್ಣ ಹಳ್ಳಕ್ಕೊಂದು ಸೇತುವೆ. ಅದರ ಬದಿಯಲ್ಲಿ ದುಂಡನೆಯ ಹಳದಿ ಫಲಕ, ಮೇಲೆ ಕಪ್ಪು ಟ್ಯಾಂಕಿನ ಚಿತ್ರ, ಪಕ್ಕದಲ್ಲಿ ಒಂದು ಅಂಕಿ. ಎಂಥ ಭಾರದ ಟ್ಯಾಂಕು ಇದರ ಮೇಲೆ ದಾಟಬಹುದು ಅಂತ ಚಾಲಕನಿಗೆ ಹೇಳುವ ಗುರುತು, ಶೀತಲ ಸಮರದ ಕಾಲದ್ದು. ಹಳೆಯ ಪಶ್ಚಿಮ ಜರ್ಮನಿಯ ಸೇತುವೆಗಳ ಮೇಲೆ ಇವು ಇನ್ನೂ ಅಲ್ಲಲ್ಲಿ ಉಳಿದಿವೆ, ಬಿಸಿಲಿಗೆ ಬಣ್ಣ ಹೋಗಿ.

ಅದರ ಕೆಳಗೆ ಹೊಸದಾಗಿ ಹೊಡೆದ ಇನ್ನೊಂದು ಫಲಕ, ಕೆಂಪು ಅಂಚಿನದ್ದು: ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಕಾಂಕ್ರೀಟು ಬಿರುಕು ಬಿಟ್ಟಿದೆಯಂತೆ. ಹಾಲಿನ ಲಾರಿ ಈಗ ಆ ಕಡೆಯಿಂದ ಎಂಟು ಕಿಲೋಮೀಟರ್ ಸುತ್ತಿಕೊಂಡು ಬರುತ್ತದೆ.